ಎರಡನೇ ಚಮಚ

ಹಲ್ಲಿನ ಡಾಕ್ಟರು ಈರುಳ್ಳಿ ಹೆಚ್ಚುವುದನ್ನು ನೋಡುತ್ತಿದ್ದರೆ ಅವಳಿಗೆ ಅವರ ರೋಗಿಗಳ ಬಗ್ಗೆ ಮರುಕ ಹುಟ್ಟುತ್ತಿತ್ತು. ಚಾಕುವನ್ನು ಪೆನ್ನಿನ ಹಾಗೆ ಹಿಡಿದು, ನಾಲಗೆಯ ತುದಿಯನ್ನು ಹೊರಚಾಚಿ, ಒಂದು ಹೋಳು ಹೆಬ್ಬೆರಳಷ್ಟು, ಇನ್ನೊಂದು ಉಗುರಷ್ಟು ಕತ್ತರಿಸಿ, ಪ್ರತಿ ಸಲವೂ ತಲೆಯೆತ್ತಿ ಯಾರಾದರೂ ನೋಡಿದರೇ ಎಂದು ಹುಡುಕುತ್ತಿದ್ದರು. ಅವಳು ನೋಡಿದಳು, ನಕ್ಕಳು. "ಎಷ್ಟು ಸಣ್ಣಗೆ ಹೆಚ್ಚಿದ್ದೀರಿ ಡಾಕ್ಟ್ರೇ" ಅಂದಳು. ಅವರ ಮುಖ ಅರಳಿತು. ಇಷ್ಟೇ ಸಾಕು ಇವರಿಗೆ. ಪಕ್ಕದಲ್ಲಿ ಅವರ ಹೆಂಡತಿ ಕ್ಯಾರೆಟ್ಟಿನ ಸಿಪ್ಪೆಯ ಜೊತೆ ಅರ್ಧ ಕ್ಯಾರೆಟ್ಟನ್ನೂ ಹೆರೆದು ಹಾಕುತ್ತ, ಅಡಿಗೆ ಅಂದರೆ ಒಂದು ಧ್ಯಾನ ಇದ್ದ ಹಾಗೆ ಎಂದು ಯಾರಿಗೋ ಹೇಳುತ್ತಿದ್ದಳು. ಅಡಿಗೆಕಟ್ಟೆಯ ಇನ್ನೊಂದು ತುದಿಯಲ್ಲಿ ಮನೆಯ ಯಜಮಾನ, ಅವಳ ಗಂಡ, ಎದೆ ತುಂಬ ಏಪ್ರನ್ ಕಟ್ಟಿಕೊಂಡು ನಿಂತಿದ್ದ. "ಈ ಮನೇಲಿ ಯಾರೂ ಅತಿಥಿಗಳಲ್ಲ, ಎಲ್ಲರೂ ಕೆಲಸದವರೇ" ಎಂಬ ತನ್ನ ಮಾತನ್ನು ಆಗಲೇ ಆಡಿ ಮುಗಿಸಿದ್ದ. ಪ್ರತಿ ಭಾನುವಾರವೂ ಅದನ್ನು ಆಗ ತಾನೇ ಹೊಳೆದ ಹಾಗೆ ಆಡುತ್ತಿದ್ದ, ಬಂದವರೂ ಆಗ ತಾನೇ ಕೇಳಿದ ಹಾಗೆ ನಗುತ್ತಿದ್ದರು.

ಹಿಂದೆ ಹಜಾರಕ್ಕೂ ಅಡಿಗೆಮನೆಗೂ ನಡುವೆ ಗೋಡೆ ಇತ್ತು, ಗೋಡೆಗೆ ಬಾಗಿಲಿತ್ತು. ಮದುವೆಯಾಗಿ ಬಂದಾಗಿನಿಂದ ಆ ಬಾಗಿಲನ್ನು ಮುಂದೆ ಮಾಡಿಕೊಂಡೇ ಅವಳು ಅಡಿಗೆ ಮಾಡಿದ್ದಳು. ಒಳಗೆ ಏನು ನಡೆಯುತ್ತದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ತಟ್ಟೆಗಳು ತುಂಬಿ ಹೊರಗೆ ಹೋಗುತ್ತಿದ್ದವು, ಖಾಲಿಯಾಗಿ ಒಳಗೆ ಬರುತ್ತಿದ್ದವು. ಗಂಡನದು ಕನ್ನಡಕದ ಅಂಗಡಿ. ಯಾರೋ ಗಿರಾಕಿಯ ಮನೆಯಲ್ಲಿ ಇಂಥ ಅಡಿಗೆಮನೆ ನೋಡಿ ಬಂದವನು ಊಟಕ್ಕೆ ಕೂತು, "ಒಟ್ಟಿಗೆ ಅಡಿಗೆ ಮಾಡಿದ್ರೆ ಮನಸ್ಸುಗಳು ಹತ್ತಿರ ಆಗ್ತವೆ ಕಣೇ" ಅಂದಿದ್ದ. ಉಪ್ಪಿನ ಡಬ್ಬಿ ಎಲ್ಲಿರುತ್ತದೆ ಎಂದು ತಿಳಿಯುವಷ್ಟು ಹತ್ತಿರಕ್ಕೂ ಎಂದೂ ಬಾರದಿದ್ದವನು. ಗೋಡೆ ಒಡೆದ ದಿನ ಧೂಳಿನ ನಡುವೆ ನಿಂತು ಅವಳು ಹಳೆಯ ಒಲೆಯ ಹಿಂದಿನ ಕಲೆಯನ್ನು ಹಜಾರದಿಂದ ನೋಡಿದಳು. ಒಳಗಿನ ಬಟ್ಟೆ ಬೀದಿಯಲ್ಲಿ ಒಣಗಿದ ಹಾಗೆ ಕಾಣುತ್ತಿತ್ತು. ಆಮೇಲೆ ನಡುವೆ ಉದ್ದನೆಯ ಕಲ್ಲಿನ ಕಟ್ಟೆ ಬಂತು, ನಿಂತು ಕೆಲಸ ಮಾಡುವ ಗಂಡಸರ ಸೊಂಟ ನೋಯಬಾರದೆಂದು ಅವಳ ಮೊಣಕೈಗಿಂತ ಎತ್ತರಕ್ಕೆ. ಎಲ್ಲರಿಗೂ ಒಂದೊಂದು ಹೆಚ್ಚುವ ಹಲಗೆ, ಗೋಡೆಯ ಮೇಲೆ ಸಾಲಾಗಿ ಅಂಟಿ ನಿಲ್ಲುವ ಚಾಕುಗಳು, ಕೈ ತೊಳೆಯಲು ಬೇರೆ ನಲ್ಲಿ, ಕಾಲು ನೆಲಕ್ಕೆ ತಾಗದ ಎತ್ತರದ ಸ್ಟೂಲುಗಳು. ಗಾಜಿನ ಭರಣಿಗಳನ್ನೆಲ್ಲ ಗಂಡ ತಾನೇ ನಿಂತು ಕಣ್ಣಿನ ಮಟ್ಟಕ್ಕೆ ಜೋಡಿಸಿದ. ಪ್ರತಿಯೊಂದಕ್ಕೂ ದಪ್ಪ ಅಕ್ಷರದ ಚೀಟಿ: ಸಕ್ಕರೆ, ಉಪ್ಪು, ಅಕ್ಕಿ. ಅಕ್ಕಿಯನ್ನು ನೋಡಿ ಅಕ್ಕಿ ಎಂದು ಗುರುತಿಸಲಾಗದವರು ಬಂದು ಅಡಿಗೆ ಮಾಡುವ ಮನೆ.

ಅವಳು ಜಗಳ ಆಡಲಿಲ್ಲ. ಕೇಳಿದ್ದು ಎರಡೇ. ಹಿಂಬದಿಯ ಉಗ್ರಾಣಕ್ಕೆ ಒಂದು ಬಾಗಿಲು, ಅದರೊಳಗೆ ಒಂದು ಸಣ್ಣ ಒಲೆ. "ಇಷ್ಟು ದೊಡ್ಡದು ಇರೋವಾಗ ಈ ಗೂಡು ಯಾಕಮ್ಮಾ?" ಎಂದು ಬಡಗಿ ಕೇಳಿದಾಗ "ಪಾತ್ರೆ ತೊಳೆಯೋದು ಬಂದವರಿಗೆ ಕಾಣಬಾರದು" ಅಂದಳು. ಗಂಡನಿಗೆ ಅದು ಒಪ್ಪಿಗೆಯಾಯಿತು. ಆಮೇಲೆ ಪಾತ್ರೆ ಅಂಗಡಿಗೆ ಹೋಗಿ, ಬೇಕಾದ ಪಾತ್ರೆಗಳನ್ನೆಲ್ಲ ಜೋಡಿಜೋಡಿಯಾಗಿ ತಂದಳು. ಒಂದೇ ಅಳತೆ, ಒಂದೇ ಹಿಡಿ, ಒಂದೇ ಮುಚ್ಚಳ. "ಅವಳಿ ಮಕ್ಕಳಿಗೆ ಬಟ್ಟೆ ತಂದ ಹಾಗೆ ತಂದಿದ್ದೀಯಲ್ಲ" ಎಂದು ಗಂಡ ನಕ್ಕಿದ್ದ.

ಭಾನುವಾರ ಬೆಳಿಗ್ಗೆ, ಅವನು ಏಳುವ ಮೊದಲೇ, ಗೂಡಿನ ಬಾಗಿಲು ಹಾಕಿಕೊಂಡು ಅವಳು, ಗಂಡ ಹಿಂದಿನ ದಿನವೇ ಗೊತ್ತು ಮಾಡಿರುತ್ತಿದ್ದ ಇಡೀ ಊಟವನ್ನು ಮಾಡಿ ಮುಗಿಸುತ್ತಿದ್ದಳು. ಮಧ್ಯಾಹ್ನ ಅವರು ಬರುತ್ತಿದ್ದರು, ಹೆಚ್ಚುತ್ತಿದ್ದರು, ಕಲಕುತ್ತಿದ್ದರು, ಒಬ್ಬರ ಪಾತ್ರೆಗೆ ಇನ್ನೊಬ್ಬರು ಕೈ ಹಾಕಿ ತಮಾಷೆ ಮಾಡುತ್ತಿದ್ದರು. ಹಸಿವಾಗುವ ಹೊತ್ತಿಗೆ ಅವಳು "ಇನ್ನು ನೀವೆಲ್ಲ ಹೋಗಿ ಕೂತ್ಕೊಳ್ಳಿ, ಉಪ್ಪು ಖಾರ ನೋಡಿ ತರ್ತೀನಿ" ಎಂದು ಪಾತ್ರೆಗಳನ್ನು ಒಳಗೆ ಒಯ್ಯುತ್ತಿದ್ದಳು. ಹೊರಗೆ ಬರುತ್ತಿದ್ದದ್ದು ಅವಳು ಮಾಡಿಟ್ಟದ್ದು. ಅವರದ್ದು ಬಿಸಿನೀರಿನ ಜೊತೆ ಮೋರಿಗೆ. ಹಜಾರದಿಂದ ಕೇಳಿಸುತ್ತಿತ್ತು: "ನೋಡಿ, ಈರುಳ್ಳಿ ಸರಿಯಾಗಿ ಹೆಚ್ಚಿದ್ರೆ ರುಚೀನೇ ಬೇರೆ." "ನಾನು ಕೊನೇಲಿ ಸ್ವಲ್ಪ ಮೆಣಸು ಹಾಕಿದ್ನಲ್ಲ, ಅದು." ಅವಳು ಮೋರಿಯ ಮುಂದೆ ನಿಂತು ಕೇಳುತ್ತಿದ್ದಳು. ಬೆರಳೆಣಿಕೆಯ ಸುಖಗಳಲ್ಲಿ ಅದೂ ಒಂದು. ಅವರನ್ನು ಮನಸಾರೆ ತಿರಸ್ಕರಿಸುತ್ತ ಅವರ ಹೊಟ್ಟೆ ತುಂಬಿಸುವುದು. ಒಂದು ಸಲ ಗಂಡ ಕಟ್ಟೆಯ ಮೇಲೆ ಕುಂಬಳಕಾಯಿ ಇಟ್ಟು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ" ಎಂದು ಸುಮ್ಮನೆ ಬಾಯಿಗೆ ಬಂದ ಗಾದೆ ಹೇಳಿದಾಗ ಅವಳ ಕೈ ನಿಜಕ್ಕೂ ಸೆರಗಿನ ತನಕ ಹೋಗಿ ನಿಂತಿತ್ತು. ಅವನು ನೋಡಲಿಲ್ಲ. ಕನ್ನಡಕ ಮಾರುವವನು ನೋಡಿದ್ದು ಏನಿದೆ.

ಆ ಕುಂಬಳಕಾಯಿಯ ದಿನವೇ ಅತ್ತಿಗೆ ಮೊದಲ ಬಾರಿಗೆ ಏಪ್ರನ್ ಕಟ್ಟಿದ್ದು. ಗಂಡನ ಅಕ್ಕ. ಮದುವೆಯಾಗಿರಲಿಲ್ಲ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೂತು ಮಾತ್ರೆ ಎಣಿಸಿ, ಕ್ಯಾಂಟೀನಿನ ಊಟ ಉಂಡು, ಈಗ ನಿವೃತ್ತಿಯಾಗಿ, ಎರಡು ಬೀದಿ ಆಚೆಯ ಒಂಟಿ ಮನೆಯಲ್ಲಿದ್ದರು. ರಜೆಯ ದಿನಗಳಲ್ಲಿ ತಮ್ಮನ ಮನೆಗೆ ಊಟಕ್ಕೆ ಬರುವುದು ಮೊದಲಿನಿಂದ ನಡೆದು ಬಂದದ್ದು. ಬಂದು ಕೂರುತ್ತಿದ್ದರು, ಪತ್ರಿಕೆ ಬಿಡಿಸುತ್ತಿದ್ದರು. ಬಡಿಸಿದ್ದನ್ನು ಉಂಡು, ತಟ್ಟೆಯನ್ನು ಅಲ್ಲೇ ಬಿಟ್ಟು ಏಳುತ್ತಿದ್ದರು. ಒಂದು ಲೋಟ ನೀರನ್ನೂ ತಾವಾಗಿ ಎದ್ದು ತೆಗೆದುಕೊಂಡದ್ದನ್ನು ಅವಳು ಕಂಡಿರಲಿಲ್ಲ. "ಹೇಗಿತ್ತಕ್ಕಾ?" ಎಂದು ತಮ್ಮ ಕೇಳಿದರೆ, ಔಷಧಿಯ ಬಾಟಲಿಯ ಹಿಂದಿನ ತಾರೀಖು ಓದಿದ ಹಾಗೆ ಸ್ವಲ್ಪ ಕಣ್ಣು ಕಿರಿದು ಮಾಡಿ "ಪರವಾಗಿಲ್ಲ" ಅನ್ನುತ್ತಿದ್ದರು. ಹೊಸ ಸೊಸೆಯಾಗಿದ್ದಾಗ ಆ ಮಾತಿಗೆ ಅವಳು ಗೂಡಿನಂಥ ಬಚ್ಚಲಿನಲ್ಲಿ ಕೂತು ಅತ್ತಿದ್ದಳು. ಆಮೇಲೆ ಅಳು ನಿಂತಿತು, ಅದರ ಜಾಗಕ್ಕೆ ಬೇರೆ ಏನೋ ಬಂದು ಕೂತಿತು. ಒಂದು ಮೊಟ್ಟೆ ಬೇಯಿಸಲು ಬಾರದ ಹೆಂಗಸು. ಅಂಥವಳ ನಾಲಗೆಯಿಂದ ಒಂದು ಒಳ್ಳೆಯ ಮಾತು ಬೀಳಲಿ ಎಂದು ತಾನು ಇಷ್ಟು ಕಾಲ ಕಾದೆನಲ್ಲ ಎನ್ನುವುದು ನೆನಪಾದಾಗಲೆಲ್ಲ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಗುತ್ತಿತ್ತು. ಹೇಸಿಗೆಯಾದರೂ ಕಾಯುವುದು ನಿಂತಿರಲಿಲ್ಲ.

ಅವತ್ತು ಅತ್ತಿಗೆ ಕುಂಬಳಕಾಯಿಯ ಸೂಪು ಮಾಡಿದರು. ತಮ್ಮ ಹೇಳಿಕೊಟ್ಟ ಹಾಗೆ, ಪ್ರತಿಯೊಂದನ್ನೂ ಅಳೆದು, ಚಮಚದ ಅಂಚನ್ನು ಬೆರಳಿನಿಂದ ಸವರಿ ಮಟ್ಟ ಮಾಡಿ. ಬೇಯುವಾಗ ಒಂದು ಚಮಚ ಉಪ್ಪು ಹಾಕಿದರು. ಅರೆದಾದ ಮೇಲೆ ಡಾಕ್ಟರ ಹೆಂಡತಿಯ ಮಾತು ಕೇಳುತ್ತ ಮರೆತು ಇನ್ನೊಂದು ಚಮಚ ಹಾಕಿದರು. ಕೈ ಹಿಂದಕ್ಕೆ ಬರುವಾಗ ಅವರಿಗೆ ಗೊತ್ತಾಯಿತು. ಅವಳು ನೋಡಿದಳು, ಆ ಮುಖ ಬಿಳುಚಿದ್ದನ್ನು. ಅತ್ತಿಗೆ ಯಾರಿಗೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಪಾತ್ರೆ ಒಳಗೆ ಹೋಯಿತು, ಅದರ ಅವಳಿ ಹೊರಗೆ ಬಂತು. ಅತ್ತಿಗೆ ಮಾತ್ರೆ ನುಂಗುವವರ ಹಾಗೆ ಮೊದಲ ಗುಟುಕು ಬಾಯಿಗಿಟ್ಟು, ನಿಂತು, ಇನ್ನೊಂದು ಗುಟುಕು ತೆಗೆದುಕೊಂಡರು. "ಚೆನ್ನಾಗಿದೆ" ಅಂದರು. ಬಟ್ಟಲಿನ ತಳ ಕಾಣುವ ತನಕ ಕುಡಿದು, ಮತ್ತೆ ಹಾಕಿಸಿಕೊಂಡು, ಇನ್ನೊಮ್ಮೆ ಅದನ್ನೇ ಅಂದರು. "ನಿಜವಾಗ್ಲೂ ಚೆನ್ನಾಗಿದೆ." ಬಾಗಿಲಿನ ಹತ್ತಿರ ನಿಂತಿದ್ದ ಅವಳ ಕಿವಿ ಬಿಸಿಯಾಯಿತು. ಬಂತು, ಕೊನೆಗೂ ಬಂತು, ಆದರೆ ವಿಳಾಸ ತಪ್ಪಿ ಬಂತು.

ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದಳು. ಆದರೆ ಹೋದ ಬುಧವಾರ ಮಧ್ಯಾಹ್ನ, ಅವಳು ಬಟ್ಟೆ ಮಡಿಸುತ್ತ ಕೂತಿದ್ದಾಗ, ಅತ್ತಿಗೆ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಂದರು. ಚಪ್ಪಲಿಯ ಪಟ್ಟಿ ಸಡಿಲ ಮಾಡಿದ್ದರು, ಪಾದಗಳು ಊದಿದ್ದವು. "ಇದು ಸ್ವಲ್ಪ ರುಚಿ ನೋಡು. ಮನೇಲಿ ಎಷ್ಟು ಸಲ ಮಾಡಿದ್ರೂ ಅವತ್ತಿನ ಹಾಗೆ ಬರ್ತಾ ಇಲ್ಲ. ಏನು ತಪ್ಪಾಗ್ತಿದೆ ಅಂತ ಹೇಳು" ಅಂದರು. ಅವರು ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳು ಚಮಚ ಬಾಯಿಗಿಟ್ಟಳು. ಸಮುದ್ರದ ನೀರು.

"ಉಪ್ಪು..." ಅಂದಳು.

"ಎರಡು ಚಮಚ. ಅವತ್ತು ಹಾಗೇ ತಾನೇ ಆಗಿದ್ದು. ನಿಂಗೊಬ್ಬಳಿಗೆ ಹೇಳ್ತೀನಿ, ಅವತ್ತು ಮರೆತು ಎರಡು ಸಲ ಹಾಕ್ಬಿಟ್ಟಿದ್ದೆ. ಎದೆ ಧಸಕ್ ಅಂತು. ಆದ್ರೂ ಸರಿಯಾಗೇ ಬಂತಲ್ಲ. ಅಂದ್ರೆ ಆ ಅಳತೇನೇ ಸರಿ ಅಂತಾಯ್ತು. ಬೇರೆ ಇನ್ನೇನೋ ತಪ್ಪಿದೆ. ಬೇಯಿಸೋ ಹೊತ್ತೋ, ಕಾಯಿ ಬಲಿತಿಲ್ವೋ."

"ಮಾಡಿದ್ದನ್ನೆಲ್ಲ ಏನ್ ಮಾಡ್ತೀರಿ ಅತ್ತಿಗೇ?"

"ಕುಡೀತೀನಿ. ಚೆಲ್ಲೋದಕ್ಕಾಗುತ್ತಾ? ಬಿಪಿ ಸ್ವಲ್ಪ ಏರಿದೆ, ಮಾತ್ರೆ ಜಾಸ್ತಿ ಮಾಡ್ಕೊಂಡಿದ್ದೀನಿ."

ಆಗ ಹೇಳಬಹುದಿತ್ತು. ಮಡಿಸಿದ ಟವೆಲಿನ ಮೇಲೆ ಕೈ ಇಟ್ಟು ಅವಳು ಆ ಊದಿದ ಪಾದಗಳನ್ನು ನೋಡಿದಳು. ಅವು ಊದಿದ್ದು ತನ್ನಿಂದ. ಹಾಗೆಂದು ತಿಳಿದಾಗ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಆಶ್ಚರ್ಯ; ತನ್ನ ಕೈಯಿಂದ ಈ ಹೆಂಗಸಿಗೆ ಇಷ್ಟಾದರೂ ಆಯಿತಲ್ಲ ಎಂದು. "ಇನ್ನೊಂದು ಸಲ ಮಾಡಿ ನೋಡಿ, ಕೈ ಪಳಗುತ್ತೆ. ಅಲ್ಲಿ ತನಕ ಕುಡಿಯೋದು ಮಾತ್ರ ಬೇಡ" ಅಂದಳು. ಅತ್ತಿಗೆ ತಲೆಯಾಡಿಸಿದರು, ಡಬ್ಬಿ ಮುಚ್ಚಿದರು, ಹೊರಡುವಾಗ ಹೇಳಿದರು: "ಭಾನುವಾರ ನನ್ನ ಜೊತೆ ಕೆಲಸ ಮಾಡ್ತಿದ್ದವರಿಬ್ಬರನ್ನ ಕರೆದಿದ್ದೀನಿ, ಇಲ್ಲಿಗೇ. ನಿನ್ನ ಒಲೆ ಮೇಲಾದ್ರೆ ಸರಿಯಾಗಿ ಬರುತ್ತೆ ಅನ್ಸುತ್ತೆ. ಈ ವಯಸ್ಸಲ್ಲಿ ಮೊದಲನೇ ಸಲ ಯಾರನ್ನೋ ಊಟಕ್ಕೆ ಕರೀತಿದ್ದೀನಿ ನೋಡು." ಕೊನೆಯ ಮಾತನ್ನು ಗೋಡೆಯ ಕಡೆ ತಿರುಗಿ ಹೇಳಿದರು.

ಅವರಿಬ್ಬರೂ ಈಗ ಸ್ಟೂಲುಗಳ ಮೇಲೆ ಕಾಲು ತೂಗಿಸಿಕೊಂಡು ಕೂತಿದ್ದರು, ಔಷಧಿ ವಿಭಾಗದ ಹೆಂಗಸರು, ಒಬ್ಬಳು ದಪ್ಪ, ಒಬ್ಬಳು ಸಣಕಲು, ಇಬ್ಬರೂ ಹೊಸ ಸೀರೆ. ಅತ್ತಿಗೆ ಕುಂಬಳಕಾಯಿ ಕತ್ತರಿಸಿ, ಬೇಯಿಸಿ, ಅರೆದು ಪಾತ್ರೆಗೆ ಸುರಿದಿದ್ದರು. ಬೇಯುವಾಗಿನ ಉಪ್ಪು ಬಿದ್ದಾಗಿತ್ತು. ಗೂಡಿನೊಳಗೆ, ಮುಚ್ಚಿದ ಬಾಗಿಲಿನ ಹಿಂದೆ, ಅದರ ಅವಳಿ ಬೆಚ್ಚಗೆ ಕಾಯುತ್ತಿತ್ತು.

"ಇನ್ನು ಕೊಡಿ ಅತ್ತಿಗೇ, ಉಪ್ಪು ಖಾರ ನೋಡಿ ತರ್ತೀನಿ" ಎಂದು ಅವಳು ಪಾತ್ರೆಯ ಹಿಡಿಗೆ ಕೈ ಹಾಕಿದಳು.

ಅತ್ತಿಗೆ ಅವಳ ಕೈಯನ್ನು ಮೆಲ್ಲಗೆ ಸರಿಸಿದರು. "ಬೇಡ. ಇವತ್ತು ಒಲೆಯಿಂದ ನೇರ ಮೇಜಿಗೆ. ನಾನೇ ಮುಗಿಸ್ತೀನಿ."

ಹಾಗಾದರೆ ಆಗಲಿ. ಅವಳು ಕೈ ಒರೆಸಿಕೊಂಡು ಹಿಂದೆ ಸರಿದಳು. ಹಾಕಲಿ ಎರಡನೇ ಚಮಚ. ಆ ಇಬ್ಬರ ಬಾಯಿ ಸೊಟ್ಟಗಾಗುವುದನ್ನು, ಡಾಕ್ಟರು ಸಭ್ಯತೆಯಿಂದ ಕೆಮ್ಮುವುದನ್ನು ಅವಳು ಬುಧವಾರದಿಂದ ಹಾಸಿಗೆಯಲ್ಲಿ, ಬಚ್ಚಲಲ್ಲಿ, ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಕಂಡಿದ್ದಳು. ಪ್ರತಿ ಸಲವೂ ಕೊನೆಯಲ್ಲಿ ಅತ್ತಿಗೆ ಅವಳ ಕಡೆ ತಿರುಗಿ ನೋಡುತ್ತಿದ್ದರು. ಯಾವ ಕಣ್ಣಿನಿಂದ ನೋಡುತ್ತಿದ್ದರು ಎನ್ನುವುದು ಮಾತ್ರ ಕಾಣುತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಒಮ್ಮೊಮ್ಮೆ ಅನ್ನಿಸಿದ್ದೂ ಉಂಟು. ಕರುಣೆಯಿಂದ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ಕರುಣೆ ತನ್ನಲ್ಲಿ ಬೇಕೆಂದಾಗ ಊರುವ ಪದಾರ್ಥ ಅಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಮ್ಮ ಮೇಡಂ ಚಹಾ ಮಾಡಿದ್ದೂ ನಾವು ನೋಡಿಲ್ಲಪ್ಪ" ಎಂದಳು ದಪ್ಪನೆಯವಳು.

"ಚಹಾ ಇರ್ಲಿ, ಚಹಾಕ್ಕೆ ಸಕ್ಕರೆ ಹಾಕ್ಕೊಂಡಿದ್ದೂ ನೋಡಿಲ್ಲ. ನಾನೇ ಕಲಕಿ ಕೊಡ್ತಿದ್ದೆ" ಎಂದಳು ಸಣಕಲಿ.

ಅತ್ತಿಗೆ ನಕ್ಕರು. ಉಪ್ಪಿನ ಭರಣಿಯನ್ನು ಕೆಳಗಿಳಿಸಿದರು. "ಇವಳು ಚೆನ್ನಾಗಿ ಇಟ್ಕೊಂಡಿದ್ದಾಳೆ ಅಡಿಗೆಮನೆ" ಎಂದು ಗದ್ದ ಎತ್ತಿ ಅವಳ ಕಡೆ ತೋರಿಸಿದರು. "ಅಡಿಗೇನೂ ಪರವಾಗಿಲ್ಲ. ಆದ್ರೆ ಈ ಸೂಪು ಮಾತ್ರ ನಂದೇ ಕೈ. ಈ ಮನೇಲಿ ನಾನು ತಿಂದಿದ್ದರಲ್ಲೇ ಚೆನ್ನಾಗಿರೋದು ಅಂದ್ರೆ ಇದೊಂದೇ."

ಚಮಚ ಭರಣಿಯೊಳಗೆ ಹೋಯಿತು, ತುಂಬಿ ಮೇಲೆ ಬಂತು. ಅಂಚಿನ ಮೇಲೆ ಬೆರಳು ಸವರಿತು.

"ಅದು ನಂದು" ಅಂದಳು ಅವಳು.

ದನಿ ಜೋರಾಗಿರಲಿಲ್ಲ. ಆದರೆ ಗೋಡೆ ಇಲ್ಲದ ಮನೆ. ಹಜಾರದ ತನಕ ಹೋಯಿತು.

"ಏನು ನಿಂದು?"

"ನೀವು ಚೆನ್ನಾಗಿದೆ ಅಂದ್ರಲ್ಲ, ಆ ಸೂಪು. ನಿಮ್ಮದನ್ನ ಯಾರೂ ಕುಡೀಲಿಲ್ಲ. ಒಳಗೆ ತಗೊಂಡ್ ಹೋಗಿ ಬದಲಾಯಿಸಿದೆ. ನೀವು ಕುಡಿದಿದ್ದು ನಾನು ಬೆಳಿಗ್ಗೆ ಮಾಡಿಟ್ಟಿದ್ದು. ಒಂದೇ ಚಮಚ ಉಪ್ಪು."

ಗಂಡ ಹಹ್ಹ ಎಂದ. "ತಮಾಷೆ ಮಾಡ್ತಾಳೆ ಇವಳು" ಎಂದು ಡಾಕ್ಟರ ಕಡೆ ನೋಡಿದ. ಡಾಕ್ಟರು ತಮ್ಮ ಈರುಳ್ಳಿಯನ್ನು ನೋಡುತ್ತಿದ್ದರು. ಅವರ ಹೆಂಡತಿ, ಕ್ಯಾರೆಟ್ ಹೆರೆಯುವ ಕೈಯನ್ನು ನಿಲ್ಲಿಸಿ, ನಿಧಾನವಾಗಿ ಲೆಕ್ಕ ಹಾಕುತ್ತಿರುವ ಮುಖದಿಂದ ಕೇಳಿದಳು: "ಹಾಗಾದ್ರೆ ನಮ್ಮ ಪಲ್ಯಗಳು?"

"ಅವೂನೂ" ಅಂದಳು ಅವಳು.

ಹೇಳಿದ ಮೇಲೆ ಹಗುರವಾಗುತ್ತದೆ ಅನ್ನುತ್ತಾರೆ. ಆಗಲಿಲ್ಲ. ಇಷ್ಟು ದಿನ ಮೋರಿಯ ಮುಂದೆ ಒಬ್ಬಳೇ ನಿಂತು ಸವಿದದ್ದು, ಹೊರಗೆ ಬಂದು ಕಲ್ಲಿನ ಕಟ್ಟೆಯ ಮೇಲೆ ಬಿದ್ದು, ಹಲಗೆಗಳ ನಡುವೆ, ಯಾರೋ ಕಕ್ಕಿದ್ದರ ಹಾಗೆ ಕಂಡಿತು. ಬೇರೆಯವರಿಗೆ ಸಿಕ್ಕ ಹೊಗಳಿಕೆಯನ್ನು ತನ್ನದೆಂದು ಕೇಳಲು ಬಂದ ಮುದಿ ಹೆಂಗಸು ತಾನು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳು ಇಷ್ಟು ದಿನ ಅವರನ್ನು ನೋಡಿದ ಹಾಗೆ.

ಅತ್ತಿಗೆಯ ಕೈಯಲ್ಲಿ ಚಮಚ ಇನ್ನೂ ಮಟ್ಟವಾಗಿಯೇ ಇತ್ತು. ಒಂದು ಕಾಳೂ ಉದುರಿರಲಿಲ್ಲ. ಅವರು ಕೌಂಟರಿನ ಹಿಂದಿನಿಂದ ಚೀಟಿ ಓದುವವರ ದನಿಯಲ್ಲಿ ಕೇಳಿದರು.

"ಪಾತ್ರೆ?"

"ಜೋಡಿ ಇದೆ."

"ಬುಧವಾರ ನಾನು ಬಂದಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಂದನ್ನ ಏನ್ ಮಾಡಿದೆ ಅವತ್ತು?"

"ಚೆಲ್ಲಿದೆ."

"ಚೆಲ್ಲೋಕೆ ಮುಂಚೆ ರುಚಿ ನೋಡಿದ್ಯಾ?"

ಅವಳು ಯಾರದ್ದನ್ನೂ ನೋಡಿರಲಿಲ್ಲ. ಇಷ್ಟು ಭಾನುವಾರಗಳಲ್ಲಿ ಒಂದು ಸಲವೂ, ಒಂದು ಪಾತ್ರೆಯದನ್ನೂ, ಬೆರಳ ತುದಿಯಷ್ಟೂ. ಉಪ್ಪು ಖಾರ ನೋಡಿ ತರ್ತೀನಿ ಎಂದು ಒಯ್ದದ್ದನ್ನೆಲ್ಲ ನೋಡದೆಯೇ ಚೆಲ್ಲಿದ್ದಳು. ನೋಡಬೇಕೆಂದು ಹೊಳೆದೂ ಇರಲಿಲ್ಲ.

"ಇಲ್ಲ" ಅಂದಳು.

ಅತ್ತಿಗೆ ತಲೆಯಾಡಿಸಿದರು. ಅವಳನ್ನೇ ನೋಡುತ್ತ, ಕೈಯನ್ನು ಪಾತ್ರೆಯ ಮೇಲೆ ತಂದು, ಚಮಚವನ್ನು ಬೋರಲು ಮಾಡಿದರು. ಉಪ್ಪು ಒಂದು ಕ್ಷಣ ಹಳದಿಯ ಮೇಲೆ ಬಿಳಿಯ ಗುಡ್ಡೆಯಾಗಿ ನಿಂತು, ಆಮೇಲೆ ಒದ್ದೆಯಾಗಿ ಮುಳುಗಿತು. ದಪ್ಪನೆಯವಳು "ಮೇಡಂ..." ಅಂದಳು. ಅತ್ತಿಗೆ ಕಲಕಿದರು, ಅವಸರವಿಲ್ಲದೆ. ಒಲೆ ಆರಿಸಿದರು. ಬಟ್ಟಲು ತೆಗೆದು, ಅದಕ್ಕೆ ಸೂಪು ಹಾಕಿ, ಕಟ್ಟೆಯ ಮೇಲೆ ಒಂದು ಖಾಲಿ ಸ್ಟೂಲಿನ ಮುಂದೆ ಇಟ್ಟರು.

"ಕೂತ್ಕೊ."

ಅವಳು ಕೂತಳು. ಆ ಸ್ಟೂಲಿನ ಮೇಲೆ ಅವಳು ಈವರೆಗೆ ಕೂತಿರಲಿಲ್ಲ; ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎದುರಿಗೆ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಸಕ್ಕರೆ, ಅಕ್ಕಿ, ನಡುವೆ ಉಪ್ಪಿನ ಜಾಗ ಖಾಲಿ. ಅತ್ತಿಗೆ ತಾವೂ ಒಂದು ಬಟ್ಟಲು ಹಾಕಿಕೊಂಡು ಎದುರಿಗೆ ನಿಂತರು. ಬೇರೆ ಯಾರಿಗೂ ಹಾಕಲಿಲ್ಲ. "ಅಕ್ಕಾ, ನಿನ್ನ ಬಿಪಿಗೆ..." ಎಂದು ಗಂಡ ಶುರು ಮಾಡಿದ. "ನೀನು ಸುಮ್ನಿರು" ಅಂದರು ಅವರು, ತಿರುಗದೆ.

ಮೊದಲ ಚಮಚ ನಾಲಗೆಯನ್ನು ಕಚ್ಚಿತು. ಎರಡನೆಯದು ಗಂಟಲಿನಲ್ಲಿ ನಿಂತಿತು. ಉಪ್ಪಿನ ಕೆಳಗೆ, ಎಲ್ಲೋ ಆಳದಲ್ಲಿ, ಕುಂಬಳಕಾಯಿ ಹದವಾಗಿ ಬೆಂದಿತ್ತು. ಗಂಟಿಲ್ಲದೆ ಅರೆದಿದ್ದರು, ಅವಳದಕ್ಕಿಂತ ನಯವಾಗಿ. ಆ ಒಂದು ಚಮಚ ಇಲ್ಲದಿದ್ದರೆ. ಅವಳು ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ ಇನ್ನೊಂದು ಚಮಚ ಬಾಯಿಗಿಟ್ಟಳು, ಮತ್ತೊಂದು, ಕಣ್ಣಲ್ಲಿ ನೀರು ಬರುತ್ತಿದ್ದರೂ. ಎದುರಿಗೆ ಅತ್ತಿಗೆಯೂ ಅಷ್ಟೇ ನಿಧಾನವಾಗಿ ಕುಡಿಯುತ್ತಿದ್ದರು. ಸಣಕಲಿ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

ಬಟ್ಟಲಿನ ತಳ ಕಂಡಿತು.

"ಹೇಗಿದೆ?" ಎಂದು ಕೇಳಿದರು ಅತ್ತಿಗೆ.

ಇಷ್ಟು ವರ್ಷ ಈ ಪ್ರಶ್ನೆ ಇನ್ನೊಂದು ದಿಕ್ಕಿಗೆ ಹೋಗಿತ್ತು. ಅವಳು ಬಾಯಿ ಒರೆಸಿಕೊಂಡಳು. ತುಟಿ ಉರಿಯುತ್ತಿತ್ತು.

"ಪರವಾಗಿಲ್ಲ" ಅಂದಳು.

ಅತ್ತಿಗೆಯ ಕಣ್ಣು ಸ್ವಲ್ಪ ಕಿರಿದಾಯಿತು. ಅವರು ತಮ್ಮ ಬಟ್ಟಲನ್ನು ಕೆಳಗಿಟ್ಟು, ಊದಿದ ಕಾಲುಗಳನ್ನು ಎಳೆದುಕೊಂಡು ನಲ್ಲಿಯ ಕಡೆ ಹೋದರು. ಲೋಟ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಒಂದು ಕಪಾಟು ತೆರೆದು ಮುಚ್ಚಿದರು, ಇನ್ನೊಂದು ತೆರೆದರು. ತಮ್ಮ ತೋರಿಸಲು ಕೈ ಎತ್ತಿದ, ಅವರು ನೋಡಲಿಲ್ಲ. ಕೊನೆಗೆ ಸಿಕ್ಕಿತು. ನಲ್ಲಿ ತಿರುಗಿಸಿ, ಅಂಚಿನವರೆಗೆ ತುಂಬಿಸಿ, ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದೆ ಇಟ್ಟರು.

"ಕುಡಿ" ಅಂದರು.